ಹಲಗೆಯ ಸವೆದ ಮಗ್ಗುಲು

ನನ್ನ ಬೆರಳನ್ನು ಫೋನು ನಂಬುವುದಿಲ್ಲ. ಎಷ್ಟು ಒತ್ತಿದರೂ ಒತ್ತಿದ ಹಾಗೆ ಅದಕ್ಕೆ ಅನ್ನಿಸುವುದೇ ಇಲ್ಲ. ವರ್ಷಗಟ್ಟಲೆ ಕೆಸರಿನಲ್ಲಿ ನೆನೆದು ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ಹಾಗಾಗಿ ಗೆಣ್ಣಿನಿಂದ ಒತ್ತುವುದನ್ನು ಕಲಿತೆ. ಗೆಣ್ಣೂ ಒದ್ದೆಯಾಗಿದ್ದರೆ ಮೂಗಿನ ತುದಿಯಿಂದ ಒತ್ತುತ್ತೇನೆ. ಸಾಮಾನು ಕೋಣೆಯ ಮೆಟ್ಟಿಲ ಮೇಲೆ ಕೂತು ಹೀಗೆ ಮೂಗಿನಿಂದ ಉತ್ತರ ಒತ್ತುತ್ತಿದ್ದಾಗ, ಜೊತೆಯಲ್ಲಿ ಕೆಲಸ ಮಾಡುವ ಉದ್ದಕ್ಕ ನೋಡಿಬಿಟ್ಟಳು.

"ಏನೇ, ಪಾಠಕ್ಕೆ ಮುತ್ತು ಕೊಡ್ತಿದ್ದೀಯ? ಮನೇಲಿ ಗಂಡ ಇಲ್ಲ ಅಂತ ಇಷ್ಟು ಬರಗೆಟ್ಟಿದ್ದೀಯಾ?"

ಗಂಡ ಬೇರೆ ಊರಲ್ಲಿ ಕೊಳವೆ ಹೂಳುವ ಕೆಲಸಕ್ಕೆ ಹೋಗಿದ್ದಾನೆ. ಮನೆಯಲ್ಲಿ ನಾನು, ಅತ್ತೆ, ಮಗಳು. ಅತ್ತೆ, ನಾನು, ಉದ್ದಕ್ಕ, ಮಾತೇ ಆಡದ ಗುಮ್ಮ, ಇನ್ನೊಂದಿಷ್ಟು ಜನ ಸೇರಿ ನಮ್ಮದೊಂದು ತಂಡ. ಊರಿನ ಮಳೆನೀರಿನ ಕಾಲುವೆಗೆ ಇಳಿದು ಹೂಳು ಎತ್ತುವುದು ನಮ್ಮ ಕೆಲಸ. ಕಾಲುವೆಯಲ್ಲಿ ಬರಬೇಕಾದದ್ದು ಮಳೆನೀರು ಮಾತ್ರ. ಬರುವುದು ಏನೇನು ಎಂದು ಹೇಳಿದರೆ ನೀವು ಊಟ ಬಿಡುತ್ತೀರಿ.

ಪಾಠ ಶುರುವಾದದ್ದು ಪೀಪಿಯಿಂದ. ಪೀಪಿ ಅಂದರೆ ನಮ್ಮ ಮೇಸ್ತ್ರಿ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿರುತ್ತಾನೆ. ನಮ್ಮನ್ನು ಬಾಯಿ ಬಿಟ್ಟು ಕರೆಯುವುದಿಲ್ಲ, ಊದುತ್ತಾನೆ. ಅವತ್ತು ಊದಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ.

"ಇನ್ನು ಮೇಲೆ ಕಾಲುವೆಗೆ ಇಳಿಯೋರಿಗೆ ಸರ್ಟಿಫಿಕೇಟ್ ಬೇಕಂತೆ. ಫೋನಲ್ಲೇ ಪಾಠ, ಫೋನಲ್ಲೇ ಪರೀಕ್ಷೆ. ಇಲ್ಲ ಅಂದ್ರೆ ಮನೇಲಿರಿ. ತಲೆ ಕೆಡಿಸ್ಕೋಬೇಡಿ, ಯಾರ ಕೈಲಾದ್ರೂ ಒತ್ತಿಸಿ ಮುಗಿಸಿ. ಯಾರೂ ನೋಡಲ್ಲ."

ಫೋನ್ ಅಂಗಡಿಯವನು ಎಲ್ಲರ ಪರವಾಗಿ ಕೂತ ಕಡೆಯೇ ಒತ್ತಿ ಮುಗಿಸಿದ. ಅತ್ತೆಗೂ ಸರ್ಟಿಫಿಕೇಟ್ ಬಂತು. ಕೈಗವಸು ಹಾಕಿಕೊಳ್ಳುವುದು ಹೇಗೆ ಎಂದು ಅವಳು ಕಲಿತಿದ್ದಾಳಂತೆ. ಕೈಗವಸನ್ನು ಇವತ್ತಿನವರೆಗೂ ಯಾರೂ ಕೊಟ್ಟಿಲ್ಲ.

ನಾನು ಒತ್ತಿಸಲಿಲ್ಲ. ಹನ್ನೆರಡನೆಯ ತರಗತಿಯವರೆಗೆ ವಿಜ್ಞಾನ ಓದಿದವಳು ನಾನು. ಮುಂದೆ ಓದುತ್ತೇನೆ ಎಂದಾಗ ಕೈಗೆ ಸನಿಕೆ ಕೊಟ್ಟರು. ಆ ಸಿಟ್ಟು ಇನ್ನೂ ಆರಿಲ್ಲ. ನಾನೇ ಸೇರುತ್ತೇನೆ ಎಂದು ಗೆಣ್ಣಿನಿಂದ ಒತ್ತಿದೆ. ಗೆಣ್ಣು ಜಾರಿತು. ಕೆಲಸದವರ ಪುಟ್ಟ ಪಾಠಕ್ಕೆ ಬದಲು ಅದರ ಕೆಳಗಿದ್ದ ದೊಡ್ಡ ಪಾಠಕ್ಕೆ ಸೇರಿಹೋದೆ. ಇಂಜಿನಿಯರ್ ಆಗುವವರು ಓದುವ ಪಾಠ ಅದು. ಮಳೆ ಎಷ್ಟು ಬೀಳುತ್ತದೆ, ಬಿದ್ದದ್ದು ಎಲ್ಲಿ ಹರಿಯುತ್ತದೆ, ಹರಿಯುವ ನೀರು ಯಾವುದನ್ನು ಎಷ್ಟು ತಳ್ಳುತ್ತದೆ, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು. ಹೊರಗೆ ಬರಲು ಯಾವುದನ್ನು ಒತ್ತಬೇಕೋ ಗೊತ್ತಾಗಲಿಲ್ಲ. ಎರಡು ದಿನ ಕೇಳಿದ ಮೇಲೆ ಬರುವ ಮನಸ್ಸೂ ಆಗಲಿಲ್ಲ. ಪಾಠ ನಡೆಯುತ್ತಿದೆ ಎಂದು ಫೋನು ತೋರಿಸಿದರೆ ಪೀಪಿ ಕಾಲುವೆಗೆ ಇಳಿಯಲು ಬಿಡುತ್ತಿದ್ದ.

ಪಾಠ ಹೇಳುವವಳ ಮುಖ ಕಾಣುವುದಿಲ್ಲ, ದನಿ ಮಾತ್ರ. ಟೀಚರಮ್ಮ ಎಂದು ನಾನೇ ಹೆಸರಿಟ್ಟೆ. ಎಂಥ ನೀರಿನ ಬಗ್ಗೆ ಮಾತಾಡಿದರೂ ಅವಳ ದನಿ ಒದ್ದೆಯಾಗುವುದಿಲ್ಲ. ಬುತ್ತಿ ಉಣ್ಣುವಾಗ ಕೇಳಿದೆ. ಕಕ್ಕಸಿನ ಸಾಲಿನಲ್ಲಿ ನಿಂತು ಕೇಳಿದೆ. ಕಾಲುವೆಯ ದಡದಲ್ಲಿ ಫೋನು ಇಟ್ಟು, ಎದೆಮಟ್ಟ ಕೆಸರಿನಲ್ಲಿ ನಿಂತು, ಬುಟ್ಟಿ ತುಂಬಿ ಕೊಡುತ್ತಲೇ ಕೇಳಿದೆ. ಅರ್ಥವಾಗದ್ದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ.

"ಚರಂಡಿಗೂ ಪಾಠಾನಾ?" ಎಂದು ಅತ್ತೆ ಮೂಗು ಮುರಿದಳು. "ನಾನು ಇಷ್ಟು ವರ್ಷ ಪಾಠ ಇಲ್ದೆ ಇಳೀಲಿಲ್ವಾ? ನೀರು ನನ್ನನ್ನೇನು ಪ್ರಶ್ನೆ ಕೇಳ್ತಾ?"

ಕಲಿಯುತ್ತ ಹೋದ ಹಾಗೆ ನನ್ನ ನೆಮ್ಮದಿ ಹೋಯಿತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮಣ್ಣಿನ ನೆಲ ಕಂಡರೆ ಇದು ಇಷ್ಟು ನೀರು ಕುಡಿಯುತ್ತದೆ, ಸಿಮೆಂಟು ಕಂಡರೆ ಇದು ಒಂದು ಹನಿಯನ್ನೂ ಕುಡಿಯದೆ ನಮ್ಮ ಕಡೆ ತಳ್ಳುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತಿತ್ತು. ಮೇಲಿನ ಬೀದಿಗಳಲ್ಲಿ ಹೊಸ ಮನೆಗಳವರು ಅಂಗಳಕ್ಕೆಲ್ಲ ಕಲ್ಲು ಹಾಸಿದ್ದರು. ಆ ನುಣುಪು ಕಲ್ಲುಗಳನ್ನು ನೋಡಿದರೆ ಸಾಕು, ನನಗೆ ಮೈ ಉರಿಯುತ್ತಿತ್ತು.

ನಮ್ಮ ಮನೆಗಳಿರುವ ಜಾಗಕ್ಕೆ ಎಲ್ಲರೂ ತಗ್ಗು ಅನ್ನುತ್ತಾರೆ. ಊರಿನ ಮೇಲ್ಭಾಗದ ನೀರನ್ನೆಲ್ಲ ಹೊತ್ತ ದೊಡ್ಡ ಕಾಲುವೆ ತಗ್ಗಿನ ಮಗ್ಗುಲಲ್ಲೇ ಬರುತ್ತದೆ. ಅಲ್ಲಿಂದ ಮುಂದೆ ರಸ್ತೆಯ ಅಡಿಯ ಮೋರಿಗೆ ನುಗ್ಗಿ, ಆಚೆಯ ದೊಡ್ಡ ಮಳಿಗೆ ಕಟ್ಟಡದ ಬಗಲಲ್ಲಿ ಹಾದು ನದಿ ಸೇರುತ್ತದೆ. ಕಾಲುವೆಯ ಆಚೆ ದಡದ ಗೋಡೆ ಆಳೆತ್ತರ. ನಮ್ಮ ಕಡೆಯದು ಮೊಣಕಾಲೆತ್ತರ.

ಮೋರಿಯ ಬಾಯಲ್ಲಿ ಎರಡು ಕಲ್ಲುಕಂಬಗಳಿವೆ. ಕಂಬಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಜಾಡು ಕೊರೆದಿದ್ದಾರೆ. ಮಳೆ ಜೋರಾದಾಗ ಪೀಪಿ ಊದುತ್ತಾನೆ. ನಾವು ಓಡಿಹೋಗಿ, ದಪ್ಪ ದಪ್ಪ ಹಲಗೆಗಳನ್ನು ಇಬ್ಬಿಬ್ಬರಾಗಿ ಹೊತ್ತು, ಒಂದರ ಮೇಲೊಂದು ಆ ಜಾಡಿನಲ್ಲಿ ಇಳಿಸಿ ಮೋರಿಯ ಬಾಯಿ ಮುಚ್ಚುತ್ತೇವೆ. ಯಾಕೆ? ನದಿ ಉಕ್ಕಿದರೆ ನೀರು ಮೋರಿಯಲ್ಲಿ ಹಿಂದಕ್ಕೆ ಬಂದು ತಗ್ಗನ್ನು ಮುಳುಗಿಸುತ್ತದೆ, ಅದನ್ನು ತಡೆಯಲು. ಹಾಗಂತ ನಮಗೆ ಹೇಳಿದ್ದರು. ಮಳೆ ನಿಂತ ಮೇಲೆ ಹಲಗೆ ಎತ್ತುತ್ತೇವೆ.

ಹಲಗೆ ಇಳಿಸಿದರೂ ತಗ್ಗಿಗೆ ನೀರು ಬರುತ್ತದೆ. ಪ್ರತಿ ಸಲ ಬರುತ್ತದೆ. ಇಳಿಸದೆ ಇದ್ದಿದ್ದರೆ ಇನ್ನೆಷ್ಟು ಬರುತ್ತಿತ್ತೋ ಎಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಮಳೆಯಲ್ಲಿ ಎಲ್ಲ ನೀರೂ ಒಂದೇ ಬಣ್ಣ. ಇದು ಮೇಲಿನ ಬೀದಿಯದೋ, ನದಿಯದೋ ಎಂದು ಯಾರು ಹೋಗಿ ವಿಚಾರಿಸುತ್ತಾರೆ?

ಹಲಗೆ ಅಂದರೆ ಅತ್ತೆಗೆ ಜೀವ. ಮಳಿಗೆ ಕಟ್ಟಡ ಎದ್ದ ವರ್ಷವೇ ಆಫೀಸಿನವರು ಆ ಹಲಗೆ ತಂದುಕೊಟ್ಟರಂತೆ. ನಮ್ಮ ತಗ್ಗಿನ ಮೇಲೆ ಅವರಿಗೆ ಅಷ್ಟು ಕರುಣೆ ಇತ್ತು ಎಂದು ಅವಳು ಹೇಳಿಕೊಂಡು ತಿರುಗುತ್ತಾಳೆ. ಮಳೆಗಾಲಕ್ಕೆ ಮುಂಚೆ ಹಲಗೆಗಳಿಗೆ ಎಣ್ಣೆ ಸವರಿ, ಒಂದು ಮುಖಕ್ಕೆ ಮಾತ್ರ ಕೆಂಪು ಬಣ್ಣ ಬಳಿಯುತ್ತಾಳೆ. ಇಳಿಸುವಾಗ ಕೆಂಪು ಮುಖ ಯಾವಾಗಲೂ ತಗ್ಗಿನ ಕಡೆಗೇ ಇರಬೇಕು. ಬೇರೆ ಮುಖ ಈ ಕಡೆ ತಿರುಗಿಸಿದರೆ ಅಲ್ಲೇ ಬೈಯುತ್ತಾಳೆ. ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಮ್ಮ ಹಲಗೆ ನಮ್ಮನ್ನ ನೋಡ್ಬೇಕು ಕಣೇ" ಅಂದಿದ್ದಳು.

ಮಾವ ಸತ್ತದ್ದು ಹಲಗೆ ಇಳಿಸಿದ ಒಂದು ಮಧ್ಯಾಹ್ನ. ಒಂದು ಮಗ್ಗುಲು ಬಿದ್ದುಹೋಗಿ ಮಾವ ಮಂಚ ಹಿಡಿದಿದ್ದ. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೆವು. ತಗ್ಗಿನಲ್ಲಿ ಎಲ್ಲರ ಮಂಚವೂ ಇಟ್ಟಿಗೆಯ ಮೇಲೇ ಇರುತ್ತದೆ. ಪೀಪಿ ಊದಿದ. ಅತ್ತೆ ಮಾವನಿಗೆ, "ಹಲಗೆ ಇಳಿಸಿ ಬಂದುಬಿಡ್ತೀನಿ, ನಿಮಗೆ ನೀರು ತಾಕಕ್ಕೆ ಬಿಡ್ತೀನಾ?" ಎಂದು ಓಡಿದಳು. ನಾನೂ ಓಡಿದೆ. ಕೊನೆಯ ಹಲಗೆ ಇಳಿಸಿ ವಾಪಸ್ಸು ಬರುವಷ್ಟರಲ್ಲಿ ನೀರು ಮಂಚ ದಾಟಿತ್ತು. ಮಾವನ ಕೈಯೊಂದು ಕಿಟಕಿಯ ಸರಳು ಹಿಡಿದೇ ಇತ್ತು. ಬಿಡಿಸಲು ನಾವಿಬ್ಬರೂ ಬೇಕಾದೆವು.

"ನಾನು ತಡ ಮಾಡಿಬಿಟ್ಟೆ" ಎಂದು ಅತ್ತೆ ಎದೆ ಬಡಿದುಕೊಂಡಳು. ಆಮೇಲೆ ಅತ್ತದ್ದನ್ನು ನಾನು ನೋಡಿಲ್ಲ. ಆದರೆ ಅಂದಿನಿಂದ ಪೀಪಿ ಊದುವ ಮೊದಲೇ ಅವಳು ಓಡುತ್ತಾಳೆ. ಮೋಡ ಕಪ್ಪಾದರೆ ಸಾಕು, ಹಲಗೆಯ ಪಕ್ಕ ಹೋಗಿ ನಿಲ್ಲುತ್ತಾಳೆ. ಅದೇ ಮಂಚದ ಮೇಲೆ ಈಗ ನನ್ನ ಮಗಳು ಮಲಗುತ್ತಾಳೆ.

ಪಾಠ ಕೊನೆಗೆ ಬಂದಿತ್ತು. ಪ್ರವಾಹವನ್ನು ತಡೆದು ನಿಲ್ಲಿಸುವ ಬಗ್ಗೆ ಟೀಚರಮ್ಮ ಹೇಳುತ್ತಿದ್ದಳು. ಮೇಲಿನಿಂದ ನೀರೆಲ್ಲ ಒಟ್ಟಿಗೆ ಬಂದರೆ ಕೆಳಗಿನ ಕಾಲುವೆ ತಾಳುವುದಿಲ್ಲ. ಮಧ್ಯದಲ್ಲಿ ಎಲ್ಲಾದರೂ ಒಂದಿಷ್ಟು ನೀರನ್ನು ನಿಲ್ಲಿಸಿಕೊಳ್ಳಬೇಕು. ಮಳೆ ಇಳಿದ ಮೇಲೆ ನಿಧಾನವಾಗಿ ಬಿಡಬೇಕು. ಸರಿಯಾದ ಮಾತು. ನನಗೂ ಒಪ್ಪಿಗೆಯಾಯಿತು.

ಆಮೇಲೆ ಪ್ರಶ್ನೆ ಬಂತು. ಒಂದು ನಕ್ಷೆ. ಮೇಲೆ ಊರು, ಕೆಳಗೆ ನದಿ, ನಡುವೆ ಕಾಲುವೆ. ಕಾಲುವೆಯ ಒಂದು ಕಡೆ ಮಳಿಗೆಗಳು, ಅವುಗಳ ಮುಂದೆ ಕಾರು ನಿಲ್ಲಿಸುವ ಅಗಲ ಬಯಲು. ಇನ್ನೊಂದು ಕಡೆ ಬೂದು ಬಣ್ಣದ ಜಾಗ, ಅದರ ತುಂಬ ಪುಟ್ಟ ಪುಟ್ಟ ಚೌಕಗಳು. ನೀರು ತಡೆದು ನಿಲ್ಲಿಸಲು ಸೂಕ್ತವಾದ ಜಾಗ ಆರಿಸಿ.

ನಾನು ಕಾರು ನಿಲ್ಲಿಸುವ ಬಯಲನ್ನು ಒತ್ತಿದೆ. ಕಾರಿಗೇನು, ಮೇಲಕ್ಕೆ ಓಡಿಸಿಕೊಂಡು ಹೋಗಬಹುದು. ಕೆಂಪು ಗುರುತು ಬಂತು. ತಪ್ಪು.

ಬೂದು ಜಾಗ ಒತ್ತಿದೆ. ಹಸಿರು ಗುರುತು. ಕೆಳಗೆ ವಿವರಣೆ: ಕಡಿಮೆ ಬೆಲೆಯ ತಗ್ಗು ಪ್ರದೇಶ. ನಷ್ಟ ಅತಿ ಕಡಿಮೆ ಆಗುವ ಜಾಗವನ್ನು ಆರಿಸಬೇಕು. ನಷ್ಟ ಅಂದರೆ ಮುಳುಗುವ ಆಸ್ತಿಯ ಬೆಲೆ.

ಚಿತ್ರವನ್ನು ಎರಡು ಗೆಣ್ಣಿನಿಂದ ಹಿಗ್ಗಿಸಿದೆ. ಆ ಪುಟ್ಟ ಚೌಕಗಳು ಮನೆಗಳು. ಒಂದಕ್ಕೊಂದು ಅಂಟಿಕೊಂಡ ಮನೆಗಳು. ಮುಳುಗುವ ಆಸ್ತಿಯ ಬೆಲೆಯಂತೆ. ನಮ್ಮ ಮಂಚಕ್ಕೆ ಎಷ್ಟು ಬರೆದಿರುತ್ತಾರೆ? ಮಂಚದ ಮೇಲಿದ್ದವನಿಗೆ?

ಬುಟ್ಟಿ ಅಲ್ಲೇ ಬಿಟ್ಟು ಸಾಮಾನು ಕೋಣೆಯ ಹಿಂದಕ್ಕೆ ಹೋದೆ. ಹಲಗೆಗಳನ್ನು ಗೋಡೆಗೆ ಒರಗಿಸಿದ್ದರು. ನಿಂತ ನೀರಿನ ಒತ್ತಡದ ಪಾಠ ನೆನಪಿತ್ತು. ತಡೆಯ ಎರಡು ಕಡೆ ನೀರಿದ್ದರೆ ಆಳ ಹೆಚ್ಚಿರುವ ಕಡೆಯ ನೀರು ತಡೆಯನ್ನು ಆಚೆಗೆ ಒತ್ತುತ್ತದೆ. ನದಿಯ ನೀರು ಹಿಂದಕ್ಕೆ ಬರುತ್ತಿದ್ದರೆ ಅದು ಹಲಗೆಯನ್ನು ನಮ್ಮ ಕಡೆಗೆ ಒತ್ತಬೇಕು. ಜಾಡಿನ ಕಲ್ಲಿಗೆ ಉಜ್ಜಿ ಹಲಗೆಯ ಕೆಂಪು ಮುಖ ಸವೆಯಬೇಕು.

ಕೆಂಪು ಮುಖದ ಅಂಚುಗಳು ನೆಟ್ಟಗಿದ್ದವು. ಬಣ್ಣದ ಪದರದ ಮೇಲೆ ಬಣ್ಣದ ಪದರ, ಒಂದು ಗೀರೂ ಇಲ್ಲ. ಹಲಗೆ ತಿರುಗಿಸಿದೆ. ಇನ್ನೊಂದು ಮುಖದ ಅಂಚುಗಳು ತಿಂದುಹೋಗಿದ್ದವು. ಬೆರಳು ಇಟ್ಟರೆ ಒಳಗೆ ಕೂರುವಷ್ಟು ಸವೆದಿದ್ದವು. ಒಂದಲ್ಲ, ಎಲ್ಲ ಹಲಗೆಗಳೂ ಹಾಗೇ ಇದ್ದವು.

ನದಿ ಯಾವತ್ತೂ ಬಂದಿರಲಿಲ್ಲ. ಮೇಲಿನ ನೀರು ಹೋಗುತ್ತಿದ್ದ ದಾರಿಯನ್ನು ಮುಚ್ಚಿ, ಮೊಣಕಾಲೆತ್ತರದ ಗೋಡೆ ದಾಟಿಸಿ, ಅದನ್ನು ನಮ್ಮ ಮನೆಗಳಿಗೆ ತುಂಬುತ್ತಿದ್ದವರು ನಾವೇ. ಆಚೆಯ ಮಳಿಗೆ ಒದ್ದೆಯಾಗದಿರಲಿ ಎಂದು. ಎಣ್ಣೆ ಹಚ್ಚಿ, ಬಣ್ಣ ಬಳಿದು, ಓಡಿ ಓಡಿ.

ಒಂದು ಆಸೆ ಇನ್ನೂ ಉಳಿದಿತ್ತು. ಆಫೀಸಿನವರಿಗೆ ಇದು ಗೊತ್ತಿಲ್ಲದೆ ಇರಬಹುದು. ಯಾವನೋ ತಪ್ಪು ಲೆಕ್ಕ ಹಾಕಿರಬಹುದು, ಹೇಳಿದರೆ ಸರಿಮಾಡಬಹುದು. ಇಂಜಿನಿಯರ್ ಆಫೀಸಿಗೆ ಹೋದೆ. ಕೈಕಾಲು ತೊಳೆದೇ ಹೋಗಿದ್ದೆ. ಆದರೂ ಬಾಗಿಲಲ್ಲಿದ್ದ ಜವಾನ ಮೂಗು ಹಿಂಡಿಕೊಂಡು ಹಳೆಯ ಪೇಪರ್ ತಂದು ನೆಲದ ಮೇಲೆ ಹಾಸಿದ.

"ಇದರ ಮೇಲೆ ನಿಂತ್ಕೊ. ಆಚೆ ಈಚೆ ಕಾಲಿಡಬೇಡ. ಈಗ ತಾನೆ ಒರೆಸಿದ್ದಾರೆ."

ಕುರ್ಚಿ ಎದುರಿಗೇ ಖಾಲಿ ಇತ್ತು. ಪೇಪರಿನ ಮೇಲೆ ನಿಂತು, ಪಾಠ ಒಪ್ಪಿಸುವ ಮಗುವಿನ ಹಾಗೆ ಎಲ್ಲ ಹೇಳಿದೆ. ಫೋನಿನ ಪಾಠ, ಗೋಡೆಯ ಎತ್ತರ, ಮೋರಿ, ಹಲಗೆಯ ಸವೆತ. ಇಂಜಿನಿಯರ್ ನಡುವೆ ಬಾಯಿ ಹಾಕಲಿಲ್ಲ. ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು.

"ಸರಿಯಾಗಿ ಹೇಳಿದೆಯಮ್ಮ" ಅಂದರು. "ಕೋರ್ಸು ಮಾಡಿದ್ದಕ್ಕೂ ಸಾರ್ಥಕ ಆಯ್ತು."

"ನಿಮಗೆ ಗೊತ್ತಿತ್ತಾ ಸಾರ್?"

"ಡಿಸೈನೇ ಹಾಗಿದೆಯಲ್ಲ. ನೀರು ಎಲ್ಲಾದ್ರೂ ನಿಲ್ಲಬೇಕು. ಪೂರ್ತಿ ಬಿಟ್ಟುಬಿಟ್ರೆ ಮಳಿಗೆಯ ನೆಲಮಾಳಿಗೆ ತುಂಬುತ್ತೆ. ಅಲ್ಲಿರೋ ಕಾರುಗಳ ಬೆಲೆ ಗೊತ್ತಾ ನಿನಗೆ?"

"ಅಲ್ಲಿ ಯಾರೂ ಮಲಗಲ್ಲ ಸಾರ್. ನಮ್ಮಲ್ಲಿ ಮಲಗ್ತಾರೆ."

"ಅದಕ್ಕೇ ಪ್ರತಿ ಮಳೆಗಾಲಕ್ಕೂ ಎಚ್ಚರಿಕೆ ಕೊಡ್ತೀವಲ್ಲ."

"ಹಾಗಾದ್ರೆ ನದಿ ನೀರು ತಡೆಯೋಕೆ ಅಂತ ನಮಗೆ ಯಾಕೆ ಹೇಳಿದ್ರಿ?"

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ನಾನು ಹೇಳಿದ್ದಲ್ಲಮ್ಮ. ನಾನು ಬರೋಕೆ ಮುಂಚಿನ ಮಾತು. ಹಾಗೆ ಹೇಳಿದ್ರೆ ನೀವು ಬೇಗ ಇಳಿಸ್ತೀರಿ ಅಂತ ಇರಬೇಕು."

ಬೇಗ ಇಳಿಸುತ್ತೀರಿ ಅಂತ. ನಮ್ಮ ಭಯವನ್ನೂ ಅವರು ಅಳತೆಗೆ ಹಿಡಿದಿದ್ದರು. ಟೀಚರಮ್ಮನ ಪಾಠದಲ್ಲಿ ಅದಕ್ಕೊಂದು ಹೆಸರು ಇರಲಿಲ್ಲ.

"ಪರೀಕ್ಷೆ ಮುಗಿಸಿ ಬಾ. ಆಫೀಸಲ್ಲೇ ನಿನಗೊಂದು ಕೆಲಸ ಸಿಗುತ್ತಾ ನೋಡೋಣ. ಆದರೆ ಇದನ್ನೆಲ್ಲ ಅಲ್ಲಿ ಹೋಗಿ ಹೇಳಿ ಜನರನ್ನ ಗಾಬರಿ ಮಾಡಬೇಡ."

ಗೊತ್ತಿಲ್ಲದವರಿಗೆ ಹೇಳಬಹುದು. ಗೊತ್ತಿದ್ದೇ ಮಾಡುವವರಿಗೆ ಏನು ಹೇಳುವುದು? ಹೊರಗೆ ಬಂದಾಗ ಜವಾನ ನನ್ನ ಹೆಜ್ಜೆ ಮೂಡಿದ್ದ ಪೇಪರನ್ನು ಎರಡು ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದ.

ದಾರಿಯುದ್ದಕ್ಕೂ ಒಂದೇ ಯೋಚನೆ. ಅತ್ತೆಗೆ ಹೇಳಬೇಕೇ? ಹೇಳದಿದ್ದರೆ ಮುಂದಿನ ಮಳೆಗೂ ಅವಳು ಎಲ್ಲರಿಗಿಂತ ಮುಂದೆ ಓಡುತ್ತಾಳೆ. ಹೇಳಿದರೆ, ಮಾವನನ್ನು ಮುಳುಗಿಸಿದ ಹಲಗೆ ಅವಳದೇ ಕೈಯಲ್ಲಿತ್ತು ಎಂದ ಹಾಗೆ. ಯಾವ ಬಾಯಲ್ಲಿ ಹೇಳಲಿ? ತಗ್ಗಿನ ಬೀದಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅಳೆದೆ. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಏನಾದ್ರೂ ಕಳ್ಕೊಂಡಿದ್ದೀಯಾ?" ಅಂತ ಕೇಳಿದಳು. ಅವಳ ಹಿಂದೆ, ಇಟ್ಟಿಗೆಯ ಮೇಲೆ ಆ ಮಂಚ ಕಾಣುತ್ತಿತ್ತು.

ಅತ್ತೆ ಸಾಮಾನು ಕೋಣೆಯ ಹಿಂದೆ ಹಲಗೆಗೆ ಬಣ್ಣ ಬಳಿಯುತ್ತಿದ್ದಳು. ಮೊಣಕೈವರೆಗೂ ಕೆಂಪಾಗಿತ್ತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದೆ. ಮೊದಲು ಅವಳು ನಕ್ಕಳು.

"ಆ ಫೋನಿನವಳು ನಿನ್ನ ತಲೆ ಕೆಡಿಸಿದಳು."

"ಹಲಗೆ ತಿರುಗಿಸು ಅತ್ತೆ."

ತಿರುಗಿಸಿದಳು. ಎಷ್ಟೋ ವರ್ಷ ಎಣ್ಣೆ ಸವರಿದ ಮರ, ಅವಳಿಗೆ ಗೊತ್ತಿಲ್ಲದ ಸವೆತವೇನಲ್ಲ. ಅದಕ್ಕೆ ಅರ್ಥವೊಂದಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಹೆಬ್ಬೆರಳನ್ನು ಆ ತಿಂದುಹೋದ ಅಂಚಿನಲ್ಲಿ ಮೇಲಕ್ಕೆ ಎಳೆದಳು, ಕೆಳಕ್ಕೆ ಎಳೆದಳು. ಜಾಡಿನಿಂದ ಎತ್ತುವಾಗ ಹಲಗೆ ಯಾವ ಕಡೆ ಕಚ್ಚಿಕೊಳ್ಳುತ್ತದೆ ಎಂಬುದು ಅವಳ ಬೆನ್ನಿಗೆ ಗೊತ್ತು. ನಾನು ಮುಂದೆ ಏನೂ ಹೇಳಬೇಕಾಗಲಿಲ್ಲ.

"ಅವತ್ತು ನಾನು ತಡ ಮಾಡಿರಲಿಲ್ಲ" ಅಂದಳು.

"ಇಲ್ಲ ಅತ್ತೆ."

"ತಡ ಮಾಡಿದ್ರೆ ಬದುಕ್ತಿದ್ರು."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಕುಂಚದಲ್ಲಿ ಬಣ್ಣ ಉಳಿದಿತ್ತು. ಅದನ್ನು ಕಲ್ಲಿಗೆ ಒರೆಸಿದಳು. ಕೈ ತೊಳೆಯದೆ ಎದ್ದಳು.

"ನೀನು ಓದಬಾರದಿತ್ತು" ಎಂದು ಹೇಳಿ ಮನೆ ಕಡೆ ನಡೆದಳು.

ಆಮೇಲಿನ ದಿನಗಳಲ್ಲಿ ಅವಳು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ. ಕೆಲಸಕ್ಕೆ ಬರುತ್ತಿದ್ದಳು. ನಾನು ತಂಡದವರಿಗೆಲ್ಲ ಒಬ್ಬೊಬ್ಬರನ್ನೇ ಕರೆದು ಹಲಗೆ ತೋರಿಸಿದೆ. ಗುಮ್ಮ ನೋಡಿ, ಎದ್ದು ಹೋಗಿ, ತಿರುಗಿ ಬಂದು ಮತ್ತೆ ನೋಡಿದ. ಉದ್ದಕ್ಕ ಪೀಪಿಯ ಕುಲವನ್ನೆಲ್ಲ ಬೈದು ಮುಗಿಸಿದಳು. ಆಮೇಲೆ ದನಿ ಇಳಿಸಿದಳು.

"ಇಳಿಸದಿದ್ರೆ ಕೆಲಸ ಹೋಗುತ್ತೆ ಕಣೇ. ಮುಳುಗಿದ ಮನೆ ಒಣಗುತ್ತೆ. ಉಪವಾಸ ಒಣಗುತ್ತಾ?"

ನಾನಂತೂ ಹಲಗೆ ಮುಟ್ಟುವುದಿಲ್ಲ ಎಂದೆ. ನಾನೊಬ್ಬಳು ಮುಟ್ಟದಿದ್ದರೆ ಏನೂ ಆಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಅತ್ತೆಯೊಬ್ಬಳು ಎತ್ತಿದರೆ ಸಾಕು, ಎಲ್ಲರ ಕೈಯೂ ಹಿಂದೆಯೇ ಹೋಗುತ್ತಿತ್ತು. ಆಕಾಶ ನೋಡುವುದೇ ಕೆಲಸವಾಯಿತು. ಫೋನಿನಲ್ಲಿ ಟೀಚರಮ್ಮ, ನಿಮ್ಮ ಕೊನೆಯ ಪರೀಕ್ಷೆ ಬಾಕಿ ಇದೆ ಎಂದು ದಿನಾ ನೆನಪಿಸುತ್ತಿದ್ದಳು.

ಒಂದು ದಿನ ಊಟದ ಹೊತ್ತಿಗೆ ಮಳೆ ಬಂತು. ಹನಿ ಹನಿಯಾಗಿ ಅಲ್ಲ, ಒಮ್ಮೆಲೇ ಸುರಿಯಿತು. ಮೇಲಿನ ಬೀದಿಗಳ ಅಷ್ಟೂ ಕಲ್ಲು, ಅಷ್ಟೂ ಸಿಮೆಂಟು ಒಟ್ಟಿಗೆ ನೀರನ್ನು ದಬ್ಬಿದವು. ಕಾಲುವೆಯ ಬಣ್ಣ ನೋಡುನೋಡುತ್ತಲೇ ಬದಲಾಯಿತು. ಪೀಪಿ ಊದಿದ.

ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ಕಾಲು ಓಡಿತು. ಮುಟ್ಟುವುದಿಲ್ಲ ಎಂದವಳ ಕಾಲೇ ಓಡಿತು. ಎಲ್ಲರೂ ಓಡಿದರು. ಎಲ್ಲರಿಗಿಂತ ಮುಂದೆ, ಎಂದಿನ ಹಾಗೆ, ಅತ್ತೆ ಓಡುತ್ತಿದ್ದಳು. ಮಳೆಗಾಲಕ್ಕೆಂದು ಹಲಗೆಗಳನ್ನು ಆಗಲೇ ತಂದು ಮೋರಿಯ ಪಕ್ಕ ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಅತ್ತೆ ಅಲ್ಲಿಗೆ ಮುಟ್ಟಿದಳು. ಬಗ್ಗಿದಳು.

ಅವಳು ಹಲಗೆಯನ್ನು ಅಂಗೈಯಿಂದ ಒಮ್ಮೆ ಒರೆಸಿ, ತಿರುಗಿ, ಅದರ ಮೇಲೆ ಕೂತುಕೊಂಡಳು.

ಪೀಪಿ ಮತ್ತೆ ಊದಿದ. "ಏ ಮುದುಕಿ, ಸುಸ್ತಾದ್ರೆ ಪಕ್ಕಕ್ಕೆ ಕೂತ್ಕೊ. ಹಲಗೆ ಬಿಡು."

ಅತ್ತೆ ಕದಲಲಿಲ್ಲ. ನಾನು ಹೋಗಿ ಅವಳ ಪಕ್ಕ ಕೂತೆ. ಅವಳು ನನ್ನ ಕಡೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ಮೊದಲ ಮಾತು.

"ಆ ಕೆಳಗೆ ಕಾರು ಕಾಯೋನೊಬ್ಬ ಇದ್ದಾನಲ್ಲ?"

ನನಗೆ ಹೊಳೆದಿರಲಿಲ್ಲ. ಇಷ್ಟೆಲ್ಲ ಓದಿದವಳಿಗೆ ಹೊಳೆದಿರಲಿಲ್ಲ. ಮಳಿಗೆಯ ನೆಲಮಾಳಿಗೆಯಲ್ಲಿ ಒಬ್ಬ ಕಾವಲುಗಾರ ಕೂತಿರುತ್ತಾನೆ. ನಮ್ಮಂಥವನೇ. ಅಲ್ಲಿ ಹೂಳು ತೆಗೆಯಲು ಹೋದಾಗ ಕಕ್ಕಸಿಗೆ ಬಿಡದೆ ಅಟ್ಟಿದ್ದ, ಪಾಪ, ಮೇಲಿನವರ ಅಪ್ಪಣೆ.

"ಉದ್ದಕ್ಕಾ, ಓಡು. ಅವನನ್ನ ಮೇಲಕ್ಕೆ ಕರಿ. ಯಾರಿದ್ರೂ ಕರಿ" ಎಂದೆ. ಉದ್ದಕ್ಕ ಆ ಉದ್ದದ ಕಾಲು ಹಾಕಿಕೊಂಡು ರಸ್ತೆ ದಾಟಿದಳು. ನಮಗೆ ಯಾರೂ ಯಾವತ್ತೂ ಹೀಗೆ ಹೇಳಿ ಕಳಿಸಿರಲಿಲ್ಲ.

ಗುಮ್ಮ ಬಂದು ಕೂತ. ಅವನ ಹಿಂದೆ ಇನ್ನೊಬ್ಬಳು. ಆಮೇಲೆ ಒಬ್ಬೊಬ್ಬರೇ ಬಂದು ಹಲಗೆಯ ಮೇಲೆ, ಹಲಗೆಯ ಅಂಚಿನ ಮೇಲೆ, ಜಾಗ ಸಾಲದಿದ್ದಾಗ ಒಬ್ಬರ ಮಡಿಲಲ್ಲಿ ಒಬ್ಬರು ಕೂತರು. ಪೀಪಿ ಅತ್ತೆಯ ರಟ್ಟೆ ಹಿಡಿದು ಎಳೆದ. ಗುಮ್ಮ ಅವನ ಕೈ ಬಿಡಿಸಿದ. ಬರೀ ಬಿಡಿಸಿದ, ಹೊಡೆಯಲಿಲ್ಲ. ಬಿಡಿಸಿ, "ಮುಟ್ಟಬೇಡ" ಅಂದ. ಗುಮ್ಮನಿಗೆ ದನಿ ಇದೆ ಎಂದು ನಮಗೆಲ್ಲ ಗೊತ್ತಾದದ್ದೇ ಆಗ.

"ನಿಮ್ಮ ಮನೆಗಳೇ ಕಣ್ರೋ ಮುಳುಗೋದು" ಎಂದು ಪೀಪಿ ಕೂಗಿದ. "ನದಿ ಉಕ್ಕಿ ಬರುತ್ತೆ."

"ಬರಲಿ" ಎಂದೆ. "ಯಾವತ್ತೂ ಬಂದಿಲ್ಲ. ಒಂದು ಸಲ ನೋಡೋಣ ಹೇಗಿರುತ್ತೆ ಅಂತ."

ಅವನ ಮುಖ ನೋಡಿದೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನೂ ನಂಬಿಯೇ ಊದುತ್ತಿದ್ದ. ಒಂದು ಹಲಗೆಯ ತುದಿ ಹಿಡಿದು ತಾನೇ ಎತ್ತಲು ನೋಡಿದ. ಮೇಲೆ ಕೂತವರಿದ್ದರು. ಇಲ್ಲದಿದ್ದರೂ ಅವನಿಂದ ಆಗುತ್ತಿರಲಿಲ್ಲ, ನೆನೆದ ಹಲಗೆಯ ಭಾರ ಅವನಿಗೇನು ಗೊತ್ತು.

ಮೇಲಿನ ನೀರು ಬಂದೇ ಬಂತು. ಕಾಲುವೆ ತುಂಬಿ, ಗೋಡೆಯ ತುದಿಗೆ ಒಂದು ಗೇಣು ಉಳಿಯುವವರೆಗೆ ಏರಿತು. ಓದಿದ್ದು ಬೇರೆ, ಮನೆಯ ಮುಂದೆ ನೋಡುವುದು ಬೇರೆ. ನಾನು ಕಲಿತದ್ದು ತಪ್ಪಾಗಿದ್ದರೆ? ಮಗಳು ಉದ್ದಕ್ಕನ ಅಟ್ಟದ ಮೇಲಿದ್ದಳು, ಬೆಳಿಗ್ಗೆಯೇ ಏರಿಸಿದ್ದೆ. ಆದರೆ ಇಡೀ ತಗ್ಗನ್ನು ಯಾವ ಅಟ್ಟಕ್ಕೆ ಏರಿಸಲಿ? ನೀರು ಅಲ್ಲೇ ನಿಂತು ಗುಡುಗಿತು. ಆಮೇಲೆ ಮೋರಿಯ ತೆರೆದ ಬಾಯಿಗೆ ನುಗ್ಗಿ ಹೋಗತೊಡಗಿತು. ಗೇಣು ಗೇಣಾಗಿಯೇ ಉಳಿಯಿತು. ನೀರು ನಮ್ಮನ್ನು ದಾಟಿ ಹೋಗುವುದನ್ನು ನಾವು ಮೊದಲ ಸಲ ನೋಡಿದೆವು.

ಉದ್ದಕ್ಕ ಏದುಸಿರು ಬಿಡುತ್ತ ವಾಪಸ್ಸು ಬಂದಳು. "ಎಲ್ಲ ಮೇಲೆ ಬಂದ್ರು. ಕೆಳಗೆ ಬರೀ ಕಾರು" ಎಂದು ಹೇಳಿ ನಮ್ಮ ನಡುವೆ ತೂರಿಕೊಂಡು ಕೂತಳು. "ಸ್ವಲ್ಪ ಸರೀರಿ, ನನಗೂ ಕೆಲಸ ಕಳ್ಕೊಳ್ಳೋಕೆ ಜಾಗ ಕೊಡಿ."

ಪೀಪಿಯ ಫೋನು ಬಡಿದುಕೊಂಡಿತು. ಅವನು ಕೇಳಿದ, ತಲೆಯಾಡಿಸಿದ, ನನ್ನ ಕೈಗೆ ಕೊಟ್ಟ. ಇಂಜಿನಿಯರ್. ಅವರ ದನಿ ಇವತ್ತು ಅಷ್ಟು ಮೆತ್ತಗಿರಲಿಲ್ಲ.

"ಏನಮ್ಮ ಇದು, ಓದಿದವಳಾಗಿ ಹೀಗೆ ಮಾಡೋದಾ? ನೆಲಮಾಳಿಗೇಲಿ ನೀರು ನಿಲ್ತಾ ಇದೆ. ಈಗಲೇ ಹಲಗೆ ಇಳಿಸಿ. ನಾಳೆಯಿಂದ ಒಬ್ಬರೂ ಕೆಲಸದಲ್ಲಿರಲ್ಲ, ಗೊತ್ತಾಯ್ತಾ? ನಿನ್ನ ಸರ್ಟಿಫಿಕೇಟೂ ಇಲ್ಲ, ಏನೂ ಇಲ್ಲ."

ನಾನು ಬಾಯಿ ತೆರೆದೆ. ಆ ಕೆಂಪು ಗುರುತು, ಆ ಪುಟ್ಟ ಚೌಕಗಳು, ಹಾಸಿದ ಪೇಪರು, ಎಲ್ಲವೂ ಒಟ್ಟಿಗೆ ನಾಲಿಗೆಗೆ ಬಂದವು. ಅಷ್ಟರಲ್ಲಿ ಅತ್ತೆ ಕೈ ಚಾಚಿ ಫೋನು ಕಿತ್ತುಕೊಂಡಳು. ಅವಳು ಯಾವತ್ತೂ ಆಫೀಸಿನವರ ಜೊತೆ ಮಾತಾಡಿದವಳಲ್ಲ. ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, ಫೋನನ್ನು ಬಾಯಿಯ ಮುಂದೆ ಹಿಡಿದಳು.

"ಎಷ್ಟು ನಿಂತಿದೆ ಸಾಮಿ?"

ಆ ಕಡೆಯಿಂದ ಏನೋ ಹೇಳಿದರು. ಪಾದ ಮುಳುಗುವಷ್ಟು ಎಂದಿರಬೇಕು.

"ಪಾದಾನಾ?" ಅಂದಳು ಅತ್ತೆ. "ಇನ್ನೂ ಹೊತ್ತಿದೆ ಬಿಡಿ. ಇಟ್ಟಿಗೆ ಮೇಲಿಟ್ಟ ಮಂಚದ ಎತ್ತರಕ್ಕೆ ಬಂದಾಗ ಹೇಳಿಕಳಿಸಿ. ಎದ್ದು ಬರ್ತೀನಿ."

ಫೋನನ್ನು ಪೀಪಿಯ ಕೈಗೆ ಕೊಟ್ಟು ಅವಳು ಮತ್ತೆ ಹಲಗೆಯ ಮೇಲೆ ಗಟ್ಟಿಯಾಗಿ ಕೂತಳು.